ಹಾಸದ ಕಂಬಳಿ

ಕಳೆದ ವಾರ ತೊಯ್ದ ಕರಿಕಂಬಳಿಯೊಂದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಾಗ, ನೇಯುವವರು ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯ ವಾಸನೆ ಎದ್ದಿತು. ಹತ್ತು ವರ್ಷಗಳ ಹಿಂದೆ ಜಗಳೂರಿನ ನಮ್ಮ ಬೀದಿಗೆಲ್ಲ ಆ ವಾಸನೆ ಎದುರುಮನೆಯಿಂದ ಬರುತ್ತಿತ್ತು. ಅಲ್ಲಿ ಕಂಬಳಿ ನೇಯುವ ಹಿರಿಯರೊಬ್ಬರಿದ್ದರು...

ಅವರೊಂದಿಗೆ ನನ್ನ ಮಾತು ಅಷ್ಟಕ್ಕಷ್ಟೇ. ನನ್ನ ಗೃಹಪ್ರವೇಶದ ದಿನ, ಎರಡನೆಯ ಪಂಕ್ತಿಯಲ್ಲಿ, ಕಂಬದ ಪಕ್ಕದ ಎಲೆಗೆ ಕುಳಿತು ಅವರು ಎಲ್ಲರಿಗೂ ಕೇಳುವಂತೆ ನುಡಿದಿದ್ದರು: “ಮೇಷ್ಟ್ರು ಮನೆ ದೊಡ್ಡದು ಕಟ್ಯಾರೆ, ಬಡಿಸೋ ಕೈ ಮಾತ್ರ ಸಣ್ಣದೈತೆ.” ಯಾರು ಯಾರು ನಕ್ಕರೆಂಬುದನ್ನು ಇಂದಿಗೂ ಹೇಳಬಲ್ಲೆ.

ನಾನು ಕಡಲತೀರದ ಶಿವಾಲಯಕ್ಕೆ ಹೊರಟ ಸುದ್ದಿ ತಿಳಿದು ಅವರು ಕೋಲೂರಿಕೊಂಡು ಬಂದರು. ನಮ್ಮ ಸೀಮೆಯಲ್ಲಿ ದೇವರಿಗೆ ಕರಿಕಂಬಳಿಯೇ ಗದ್ದುಗೆ. ಸಮುದ್ರದಂಡೆಯ ಶಿವನಿಗೂ ಒಂದನ್ನು ಹಾಸುವೆನೆಂದು ಅವರ ಹೆಂಡತಿ ಹರಕೆ ಹೊತ್ತಿದ್ದರಂತೆ. ಉಣ್ಣೆ ನೂತು ಮುಗಿಸಿ ತೀರಿಕೊಂಡಿದ್ದರು. ನೇಯ್ದವರು ಇವರು. ಮಂಡಿ ಮಡಚಲಾಗದೆ ಬಸ್ಸು ಹತ್ತುವಂತಿರಲಿಲ್ಲ.

“ಗುಡಿ ಮುಂದೆ ಮರಳಾಗೆ ಒಂದು ಗಳಿಗೆ ಹಾಸಿ, ಕೈ ಮುಗಿದು ತರ್ರಿ ಮೇಷ್ಟ್ರೇ. ಅವಳ ಹರಕೆ ತೀರ್ತೈತೆ.”

ಆ ಗುಡಿಯಷ್ಟು ಶಾಂತವಾದ ತಾಣವನ್ನು ನಾನು ಬೇರೆ ಕಂಡಿಲ್ಲ. ಬೆಳಗಿನ ಹೊತ್ತು, ಅರ್ಚಕರು, ನಾನು, ಮೆಟ್ಟಿಲವರೆಗೆ ಬಂದು ಹಿಂಜರಿಯುವ ನೀರು... ಹೆಗಲ ಮೇಲಿನ ಕಂಬಳಿ ಹಾಸಲು ಬಾಗಿದೆ. ಆಗ ಆ ಪಂಕ್ತಿಯ ನಗು ಕಿವಿಗೆ ಬಂತು. ಸಣ್ಣ ಕೈಯವನಿಂದ ಇವರಿಗೆ ಈ ಉಪಕಾರವೇಕೆ ಬೇಕಾಯಿತು ಎಂದುಕೊಂಡೆ. ಮಡಿಕೆ ಬಿಚ್ಚದೆಯೇ ಹಿಂತಿರುಗಿದೆ.

ಊರಿಗೆ ಬಂದು, ಹಾಸಿದೆನೆಂದು ಹೇಳಿ ಕೊಟ್ಟೆ. ಅವರು ಅಂಗಳದಲ್ಲಿ ಅದನ್ನು ಬಿಚ್ಚಿ, ಒಮ್ಮೆ ಕೊಡವಿ, ನೆಲ ನೋಡಿದರು. ಒಂದು ಕಣ ಮರಳೂ ಉದುರಿರಲಿಲ್ಲ. ಉಣ್ಣೆಗೆ ಹೊಕ್ಕ ಮರಳು ಸುಲಭಕ್ಕೆ ಬಿಡುವುದಿಲ್ಲವೆಂದು ನೇಯುವವರಿಗೆ ಹೇಳಿಕೊಡಬೇಕೆ? ಅಂಗೈಯಿಂದ ಅಂಚಿನವರೆಗೂ ಸವರಿದರು. ಬೈಯಲಿಲ್ಲ. ಮೊದಲಿದ್ದ ಮಡಿಕೆಗೇ ಮಡಚಿ ನನ್ನ ಕೈಗಿಟ್ಟರು.

“ನಿಮ್ಮತ್ರನೇ ಇರ್ಲಿ ಬಿಡ್ರಿ. ಯಾವಾಗನಾ ಮನಸ್ಸು ಬಂದ್ರೆ ಹಾಸ್ರಿ.”

ಮನಸ್ಸು ಬರಲು ಹತ್ತು ವರ್ಷ ಹಿಡಿಯಿತು. ಅವರು ಆ ವರ್ಷದ ಚಳಿಗಾಲವನ್ನೂ ದಾಟಲಿಲ್ಲ. ಪಂಕ್ತಿಯಲ್ಲಿ ಅವರಾಡಿದ ಮಾತು ತಪ್ಪೆಂದೇ ಇಂದಿಗೂ ನನ್ನ ವಾದ. ಆದರೆ ಅದನ್ನು ನಿಜ ಮಾಡಿದವನು ನಾನೇ.

ಇತ್ತೀಚೆಗೆ ಹೋಗಿ ಅದೇ ಜಾಗದಲ್ಲಿ ಹಾಸಿದೆ. ಅಲೆಯೊಂದು ಬಂದು ತೋಯಿಸಿತು. ಅರ್ಚಕರು ಬೇರೆಯವರಿದ್ದರು, ಯಾರ ಹೆಸರಿನ ಸೇವೆಯೆಂದು ಕೇಳಿದರು. ಹರಕೆ ಹೊತ್ತ ಆ ತಾಯಿಯ ಹೆಸರನ್ನು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ...

ಕಂಬಳಿ ಈಗ ಒಣಗಿದೆ. ಕೊಡವಿದಷ್ಟೂ ಮರಳು ಉದುರುತ್ತಿದೆ. ಎದುರುಮನೆಯಲ್ಲಿ ಮಗ್ಗಕ್ಕೆಂದು ತೋಡಿದ್ದ ಗುಂಡಿಯನ್ನೂ ಮುಚ್ಚಿಬಿಟ್ಟಿದ್ದಾರೆ. ಇದನ್ನು ನಾನು ಯಾರ ಅಂಗಳದಲ್ಲಿ ಕೊಡವಲಿ?