ಹೆಸರು ಕೊರೆದ ಹಂಡೆ

ನಮ್ಮ ಬಸವಕಲ್ಯಾಣದ ಕಡೆ ಮಗಳ ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಆಕೆಯ ಹೆಸರು ಕೊರೆಸಿಯೇ ಕಳಿಸುತ್ತಾರೆ. ನನ್ನ ಹೆಂಡತಿ ತವರಿನಿಂದ ತಂದ ತಾಮ್ರದ ಹಂಡೆಯ ಮೇಲೂ ಹೆಸರಿತ್ತು. ಆಕೆ ತೀರಿಕೊಂಡ ಮೇಲೂ ನಾನು ಅದನ್ನು ಕಂಠಮಟ ತುಂಬಿಯೇ ಕಾಸುತ್ತಿದ್ದೆ. ಒಬ್ಬನ ಸ್ನಾನಕ್ಕೆ ಎಷ್ಟು ನೀರು ಬೇಕು? ಉಳಿದದ್ದು ಆರುವುದನ್ನು ನೋಡುತ್ತ ಕೂತರೆ ಮನೆ ನುಂಗಲು ಬರುತ್ತಿತ್ತು. ಈ ಪೀಡೆ ತೊಲಗಲಿ ಎಂದು ಒಂದು ಬೆಳಿಗ್ಗೆ ಹಂಡೆ ಹೊತ್ತು ಬಸ್ ನಿಲ್ದಾಣದ ಹಿಂದಿನ ಗುಜರಿ ಅಂಗಡಿಗೆ ಹೋದೆ.

ಅಂಗಡಿಯವನು ಊರಿಗೆ ಹೊಸಬ, ನನ್ನ ಪರಿಚಯವಿಲ್ಲ. ತಕ್ಕಡಿಗೆ ಇಡುವ ಮೊದಲು ಹೆಸರು ಓದಿದ. ಪೊಲೀಸರು ಬಿಗಿ ಮಾಡಿದ್ದಾರಂತೆ. ಹೆಸರಿದ್ದ ಪಾತ್ರೆಯನ್ನು ಆ ಹೆಸರಿನವರಿಂದಲೇ ಕೊಳ್ಳಬೇಕು, ಇಲ್ಲವಾದರೆ ಅಂಗಡಿಯ ಲೈಸೆನ್ಸ್ ಹೋಗುತ್ತದಂತೆ.

"ಕಾಕೂನ ಕರಕೊಂಡು ಬರ್ರಿ ಕಾಕಾ. ಒಂದು ಸಹಿ ಮಾಡಿ ಹೋಗ್ಲಿ," ಎಂದ.

ಆಕೆ ಇಲ್ಲ ಎಂದಿದ್ದರೆ ಏನಾದರೊಂದು ದಾರಿ ಹೇಳುತ್ತಿದ್ದ. ಆ ಮಾತು ಬಾಯಿಗೆ ಬರಲಿಲ್ಲ. ನನ್ನನ್ನೇ ಕಳ್ಳ ಅಂತೀಯಾ ಎಂದು ಅವನ ಮೇಲೆ ಹರಿಹಾಯ್ದೆ. ಪಾಪ, ಚಹಾ ತರಿಸಿದ. ಕುಡಿದು ಮತ್ತೆ ಬೈದೆ.

ಅದೇ ಸಿಟ್ಟಿನಲ್ಲಿ ಹುಮನಾಬಾದ್ ಬಸ್ಸು ಹತ್ತಿದೆ. ಹಂಡೆ ಪಕ್ಕದ ಸೀಟಿನಲ್ಲಿ ಕೂತಿತು. ಕಂಡಕ್ಟರ್ ಅದಕ್ಕೂ ಟಿಕೆಟ್ ಕೊಟ್ಟ. ನಾನು ಎರಡು ಟಿಕೆಟ್ ತೆಗೆಸದೆ ಬಹಳ ದಿನವಾಗಿತ್ತು.

ಅಲ್ಲಿಯ ಹೆದ್ದಾರಿ ಬದಿಯ ಗುಜರಿಯವನಿಗೆ ಕಾಯಿದೆಯ ಹಂಗಿರಲಿಲ್ಲ. ಹೆಸರಿನ ಮೇಲೆ ಬೆರಳಾಡಿಸಿ, ಉಜ್ಜುವ ಮಷೀನು ಕೈಗೆತ್ತಿಕೊಂಡ.

"ಚಿಂತಿ ಮಾಡಬ್ಯಾಡ್ರಿ, ಹೆಸರು ಅಳಿಸಿಬಿಡ್ತೀನಿ. ಆಮ್ಯಾಲ ಯಾರು ಕೇಳ್ತಾರ?"

ನಿಜವೇ. ಆಕೆಯನ್ನು ಕೇಳುವವರು ನನ್ನನ್ನು ಬಿಟ್ಟರೆ ಇನ್ಯಾರಿದ್ದರು? ಮಷೀನು ಗುರ್ರೆಂದಿತು. ಕೈ ತೆಗಿ ಎಂದು ಕೂಗಿ ಹಂಡೆ ಎಳೆದುಕೊಂಡೆ. ತಲೆಕೆಟ್ಟ ಮುದುಕ ಎಂದು ಅವನು ಗೊಣಗಿದ. ಅದೇನೂ ಸುಳ್ಳಲ್ಲ.

ಸಂಜೆ ಊರಿನಲ್ಲಿ ಇಳಿದಾಗ ಮೊದಲಿನವನು ಷಟರ್ ಎಳೆಯುತ್ತಿದ್ದ. ಬೆಳಗಿನ ಬೈಗುಳವನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕಾಕೂ ಯಾವಾಗ ಬರ್ತಾರೆ ಎಂದು ಕೇಳಿದ.

"ಆಕಿ ಇಲ್ಲಪ್ಪಾ," ಎಂದೆ. "ಸತ್ತು ವರ್ಷ ಆತು."

ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಹಂಡೆಯ ಇನ್ನೊಂದು ಬದಿ ಹಿಡಿದ. ಇಬ್ಬರೂ ಮನೆಯ ತನಕ ಒಯ್ದೆವು. ಕೀಲಿ ತೆಗೆಯುತ್ತ, ಒಳಗೆ ಬಾ, ನೀರು ಕಾಸುತ್ತೇನೆ, ಕೈಕಾಲು ತೊಳಕೊಂಡು ಹೋಗು ಎಂದೆ.

"ಮನಿಯಾಗ ಕಾಯ್ತಿರ್ತಾರ್ರಿ ಕಾಕಾ," ಎಂದು ಅವನು ಹೊರಟ.

ಹಂಡೆಯನ್ನು ಬಚ್ಚಲಲ್ಲಿ ಮೊದಲಿನ ಜಾಗಕ್ಕೇ ಇಟ್ಟು, ಕಂಠಮಟ ತುಂಬಿದೆ.