ಬಟನ್ ಅಕ್ಕ ಮತ್ತು ಅರ್ಧ ಗಂಟೆಯ ಕಾರು

ಬಟನ್ ಅಕ್ಕನಿಗೆ ಆ ಹೆಸರು ಬಂದದ್ದು ಅವಳ ಹೊಲಿಗೆ ಅಂಗಡಿಯಿಂದಲ್ಲ, ಕಾರಿನಿಂದ. ಇಂಜಿನ್ ಚಾಲೂ ಮಾಡಲು ಎಳೆಯುವ ಚೋಕಿನ ಹಿಡಿ ಮುರಿದುಹೋದಾಗ ಆ ಜಾಗಕ್ಕೆ ಓವರ್‌ಕೋಟಿನ ದಪ್ಪ ಗುಂಡಿಯೊಂದನ್ನು ಮೇಣ ಹಚ್ಚಿದ ದಾರದಿಂದ ಬಿಗಿದಿದ್ದಳು. ಹಿಂದಿನ ಕಿಟಕಿಯ ಗಾಜು ತಾನಾಗಿ ಕೆಳಗೆ ಜಾರದಂತೆ ಇನ್ನೆರಡು ಗುಂಡಿ ಸಿಕ್ಕಿಸಿದ್ದಳು. ಸೀಟಿನ ಕವರು ಹರಿದಲ್ಲೆಲ್ಲ ಅವಳದೇ ಕೈಯ ಹೊಲಿಗೆ, ಅದೂ ಎರಡೆರಡು ಸಾಲು. ಮೊದಲ ಸಲ ಗ್ಯಾರೇಜಿಗೆ ತಂದಾಗ ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಹಾಕಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದ್ದ: “ಅಕ್ಕ, ಇದು ಕಾರೋ, ಅಂಗಿಯೋ?”

“ಎರಡೂ ಮೈ ಮುಚ್ಚೋದೇ ಅಲ್ವೇನಪ್ಪ? ನೀನು ಇಂಜಿನ್ ನೋಡು, ಉಳಿದದ್ದು ನನಗೆ ಬಿಡು” ಎಂದಿದ್ದಳು ಅಕ್ಕ.

ಹದಿನಾರನೇ ವಯಸ್ಸಿಗೆ ಹೊಲಿಗೆ ಯಂತ್ರದ ಮುಂದೆ ಕೂತವಳು ಅವಳು. ನಲವತ್ತೊಂದಕ್ಕೆ ಡ್ರೈವಿಂಗ್ ಕಲಿತಳು. ಬಟ್ಟೆಯ ಗಂಟುಗಳನ್ನು ಕಂಡರೆ ಬಸ್ಸಿನವರು ಮುಖ ಸಿಂಡರಿಸುತ್ತಿದ್ದರು. ಆ ಸಿಂಡರಿಸಿದ ಮುಖಗಳನ್ನು ನೋಡಿ ನೋಡಿ ಸಾಕಾಗಿತ್ತು. ಹೋಟೆಲೊಂದರ ಅರವತ್ತು ಕಿಟಕಿಗೆ ಪರದೆ ಹೊಲಿದು ಬಂದ ದುಡ್ಡಿನಲ್ಲಿ ಆ ಕಾರು ಕೊಂಡಳು. ಆಗಲೇ ಅದಕ್ಕೆ ಹದಿನೇಳು ವರ್ಷ. ಈಗ ಮೂವತ್ತೊಂದು. ಹಾಲಿನಂತಿದ್ದ ಬಣ್ಣ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದೆ. ಆದರೆ ಅಕ್ಕ ಕ್ಲಚ್ ಬಿಡುವುದನ್ನು ನೋಡಬೇಕು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಇಪ್ಪತ್ತೈದು ವರ್ಷ ಪೆಡಲ್ ತುಳಿದ ಕಾಲಲ್ಲವೇ ಅದು!

ಭಾನುವಾರ ಬೆಳಿಗ್ಗೆ ಮೇಸ್ತ್ರಿಯ ಗ್ಯಾರೇಜಿನ ಅಂಗಳದಲ್ಲಿ ಹಳೇ ಗಾಡಿಯವರೆಲ್ಲ ಸೇರುವುದು ವಾಡಿಕೆ. ಗಾಡಿ ಕೆಟ್ಟಿರಲೇಬೇಕೆಂದೇನೂ ಇಲ್ಲ. ಕ್ಷೌರದಂಗಡಿಯವರ ವ್ಯಾನಿನಲ್ಲಿ ಹಾರ್ನ್ ಒತ್ತಿದರೆ ವೈಪರ್ ಓಡುತ್ತದೆ. ಸಂಗೀತದ ಮೇಷ್ಟ್ರ ಕಾರಿನ ರೇಡಿಯೋ ಎಡಕ್ಕೆ ತಿರುಗುವಾಗ ಮಾತ್ರ ಹಾಡುತ್ತದೆ. ಅದಕ್ಕೇ ಮೇಷ್ಟ್ರು ಹಾಡು ಮುಗಿಯುವ ತನಕ ವೃತ್ತದ ಸುತ್ತಲೇ ತಿರುಗುತ್ತಾರೆ ಎಂದು ಎಲ್ಲರೂ ನಗುತ್ತಾರೆ. ಒಬ್ಬರ ಗಾಡಿಯ ಕಥೆ ಇನ್ನೊಬ್ಬರಿಗೆ ಬಾಯಿಪಾಠ. ಆ ಅಂಗಳದಲ್ಲಿ ಒಂದೂವರೆ ತಿಂಗಳಿಂದ ನಡೆಯುತ್ತಿದ್ದದ್ದು ಮಾತ್ರ ಒಂದೇ ಚರ್ಚೆ. ಬಟನ್ ಅಕ್ಕನ ಕಾರು ಅರ್ಧ ಗಂಟೆ ಓಡಿ ನಿಂತುಬಿಡುತ್ತದೆ. ಯಾಕೆ?

ಕಾಲು ಗಂಟೆಗಲ್ಲ, ಮುಕ್ಕಾಲು ಗಂಟೆಗೂ ಅಲ್ಲ, ಅರ್ಧ ಗಂಟೆಗೆ. ಊರೊಳಗೆ ಓಡಿಸಿದರೆ ಏನೂ ಇಲ್ಲ. ದೂರದ ದಾರಿ ಹಿಡಿದರೆ ಸಾಕು, ಇಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಗುತ್ತದೆ. ಮುಳ್ಳು ಅರ್ಧ ಟ್ಯಾಂಕ್ ಪೆಟ್ರೋಲ್ ಇದೆ ಎನ್ನುತ್ತದೆ. ಆದರೂ ಕ್ಯಾನಿನಿಂದ ಒಂದು ಲೀಟರ್ ಸುರಿದರೆ ಏನೂ ಆಗೇ ಇಲ್ಲ ಎಂಬಂತೆ ಹೊರಡುತ್ತದೆ.

“ಮುಳ್ಳು ಸುಳ್ಳು ಹೇಳ್ತಿದೆ” ಎಂದು ಮೇಸ್ತ್ರಿ ಮುಳ್ಳನ್ನೇ ಬದಲಿಸಿದ. ಆಮೇಲೆ ಕಾಯಿಲ್ ಬದಲಿಸಿದ. ಆಮೇಲೆ ಪೆಟ್ರೋಲ್ ಪಂಪನ್ನು ಬಿಚ್ಚಿ ಕಟ್ಟಿದ. ಬಿಚ್ಚಿ ಕಟ್ಟಿದ ಮೇಲೆ ಗ್ಯಾರೇಜಿನ ಸುತ್ತ ಹತ್ತು ನಿಮಿಷ ಓಡಿಸಿ ನೋಡಿದರೆ ಕಾರು ಹೂವಿನಂತೆ ಓಡಿತು. ಡಾಕ್ಟರ ಮುಂದೆ ಕೂತಾಗ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ.

“ಇದಕ್ಕೆ ಹೊಟ್ಟೆಬಾಕತನ, ಅಷ್ಟೇ” ಎಂದರು ಕ್ಷೌರದಂಗಡಿಯವರು. “ಅರ್ಧ ಗಂಟೆಗೊಮ್ಮೆ ಬಾಯಿಗೆ ಏನಾದರೂ ಬೀಳಬೇಕು.”

ಅಕ್ಕನೂ ನಕ್ಕಳು. ಮಗಳು ನಗಲಿಲ್ಲ.

ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಳತೆ ತಪ್ಪುವುದನ್ನು ಸಹಿಸದವಳು. ಆ ತಿಂಗಳು ಎರಡು ಸಲ, ಕೆಲಸ ಬಿಟ್ಟು, ಬಾಡಿಗೆ ಗಾಡಿಯಲ್ಲಿ ಪೆಟ್ರೋಲ್ ಕ್ಯಾನ್ ಹೊತ್ತು ಹೋಗಿ, ರಸ್ತೆ ಬದಿಯಲ್ಲಿ ನಿಂತ ತಾಯಿಯನ್ನು ಕರೆತಂದಿದ್ದಳು. ಮೂರನೆಯ ಸಲಕ್ಕೆ ಅವಳ ತಾಳ್ಮೆ ತಪ್ಪಿತು.

“ಅಮ್ಮ, ಗುಜರಿಯವರು ಸೋಮವಾರ ಬರ್ತಾರೆ. ನಾನೇ ಹೇಳಿದೀನಿ.”

“ನನ್ನ ಕೇಳದೆ?”

“ನಿನ್ನ ಕೇಳಿದ್ರೆ ನೀನು ಇನ್ನೊಂದು ಗುಂಡಿ ಹಾಕ್ತೀಯ!”

ಅಕ್ಕ ಕತ್ತಿನಲ್ಲಿ ನೇತುಹಾಕಿಕೊಂಡಿದ್ದ ಪುಟ್ಟ ಕತ್ತರಿಯನ್ನು ಎರಡು ಸಲ ತೆರೆದು ಮುಚ್ಚಿದಳು. ಯೋಚಿಸುವಾಗ ಅವಳ ಅಭ್ಯಾಸ ಅದು. ಕಾರಿಲ್ಲದೆ ದೂರದ ಊರುಗಳ ಕೆಲಸ ನಿಲ್ಲುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಗಂಟುಗಳನ್ನು ತುಂಬಿ, ಬಾಗಿಲು ಎಳೆದು, ಯಾರನ್ನೂ ಕೇಳದೆ ಹೊರಡುವ ಆ ಹೊರಡುವಿಕೆಯೇ ನಿಲ್ಲುತ್ತದೆ. ಅದನ್ನು ಮಗಳಿಗೆ ಹೇಗೆ ಹೇಳುವುದು ಎಂದು ಅವಳಿಗೆ ತೋಚಲಿಲ್ಲ. ಕೊನೆಗೆ, “ಶನಿವಾರ ನಾಟಕದವರ ಬಟ್ಟೆ ಕೊಡೋಕೆ ಹೋಗ್ತೀನಲ್ಲ, ನೀನೂ ಬಾ. ದಾರೀಲಿ ಒಂದೇ ಒಂದು ಸಲ ನಿಂತರೂ ಸೋಮವಾರ ನಾನೇ ನನ್ನ ಕೈಯಾರೆ ಕೀ ಕೊಡ್ತೀನಿ. ನಿಲ್ಲದಿದ್ರೆ ನೀನು ಬಾಯಿ ಮುಚ್ಚಬೇಕು” ಎಂದಳು.

“ಮಾತು?”

“ಮಾತು.”

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊರಟರು. ಹಿಂದಿನ ಸೀಟಿನಲ್ಲಿ ಇಪ್ಪತ್ತೆರಡು ಸೈನಿಕರ ಕೋಟು, ಅವುಗಳ ಮೇಲೆ ರಾಜನ ಕೆಂಪು ನಿಲುವಂಗಿ. ನಲವತ್ತಾರು ಕಿಲೋಮೀಟರ್ ದಾರಿ. ನಾಟಕ ನಾಲ್ಕಕ್ಕೆ, ಎರಡಕ್ಕೆಲ್ಲ ಬಟ್ಟೆ ಕೈಯಲ್ಲಿರಬೇಕು ಎಂದು ತಂಡದ ಯಜಮಾನರು ಮೂರು ಸಲ ಫೋನ್ ಮಾಡಿದ್ದರು. ಕಾರು ಊರು ದಾಟಿತು, ಸೇತುವೆ ದಾಟಿತು. ಮಗಳು ತೊಡೆಯ ಮೇಲೆ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕೂತಿದ್ದಳು.

“ಇಪ್ಪತ್ತೇಳು ನಿಮಿಷ” ಎಂದಳು.

“ಸುಮ್ನಿರೇ, ಅದಕ್ಕೆ ಕೇಳಿಸುತ್ತೆ.”

“ಇಪ್ಪತ್ತೊಂಬತ್ತು.”

ಏರು ಶುರುವಾಗುವ ತಿರುವಿನಲ್ಲಿ ಇಂಜಿನ್ ಬಿಕ್ಕಿತು. ಅಕ್ಕ ಓವರ್‌ಕೋಟಿನ ಗುಂಡಿಯನ್ನು ಎಳೆದಳು, ತಳ್ಳಿದಳು, ಕಾಲನ್ನು ಹಗುರ ಮಾಡಿದಳು, ಭಾರ ಮಾಡಿದಳು. ಕಾರು ಇನ್ನೊಮ್ಮೆ ಬಿಕ್ಕಿ, ರಸ್ತೆಯ ಅಂಚಿಗೆ ಉರುಳಿ ನಿಂತಿತು.

ಗೆದ್ದ ಮಗಳ ಮುಖದಲ್ಲೂ ಗೆಲುವಿರಲಿಲ್ಲ.

“ಸರಿ, ಮಾತು ಮಾತೇ. ಸೋಮವಾರ ಕೊಡ್ತೀನಿ. ಈಗ ಸೈನಿಕರನ್ನ ತಲುಪಿಸೋಣ” ಎಂದಳು ಅಕ್ಕ. ಇಳಿದು ಹೋಗಿ, ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಕೊಳವೆ ಇಟ್ಟು, “ಕ್ಯಾನ್ ತಗೊಂಡು ಬಾ” ಎಂದಳು.

ಮಗಳು ಡಿಕ್ಕಿಯಿಂದ ಕ್ಯಾನ್ ಎತ್ತಿ ಅಲ್ಲಾಡಿಸಿದಳು. ಅವಳ ಮುಖ ಬಾಡಿತು. “ಅಮ್ಮ, ಇದ್ರಲ್ಲಿ ಒಂದು ತೊಟ್ಟೂ ಇಲ್ಲ.”

“ಇಲ್ವಾ? ಹೋದ ಸಲ ಸುರಿದವಳು ತುಂಬಿಸಲಿಲ್ಲವಾ?”

“ಹೋದ ಸಲ ಸುರಿದದ್ದು ನೀನೇ!”

ಅಕ್ಕ ಕೊಳವೆ ಕಿತ್ತು, ಮುಚ್ಚಳವನ್ನು ಸಿಟ್ಟಿನಿಂದ ತಿರುಗಿಸಿ ಮುಚ್ಚಿ, ಬಂದು ಸೀಟಿನಲ್ಲಿ ದೊಪ್ಪನೆ ಕೂತಳು. ಪೆಟ್ರೋಲ್ ಬಂಕು ಎಷ್ಟು ದೂರವೋ, ಯಾರು ನಡೆಯುವುದೋ! ಏನು ಮಾಡುತ್ತಿದ್ದೇನೆಂದು ತನಗೇ ಅರಿವಿಲ್ಲದೆ ಕೀ ತಿರುಗಿಸಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಇಂಜಿನ್ ಕೆಮ್ಮಿ, ಕೊಸರಿ, ಗುರ್ ಎಂದು ಹಿಡಿದುಕೊಂಡಿತು.

“ಅಮ್ಮ!” ಮಗಳು ರಸ್ತೆಯಿಂದ ಕಿರುಚಿದಳು. “ಏನು ಹಾಕಿದೆ?”

“ಏನೂ ಹಾಕಲಿಲ್ಲ ಕಣೇ!”

“ಏನೂ ಹಾಕದೆ ಹೇಗೆ?”

“ಅದನ್ನೇ ನಾನೂ ಕೇಳ್ತಿರೋದು!”

ಅಕ್ಕನ ಎದೆ ಹೊಲಿಗೆ ಯಂತ್ರದಂತೆ ಹೊಡೆದುಕೊಳ್ಳುತ್ತಿತ್ತು. ಇಂಜಿನ್ ನಿಲ್ಲಿಸದೆಯೇ ಇಳಿದಳು. ಟ್ಯಾಂಕಿನ ಹತ್ತಿರ ಹೋಗಿ ನಿಂತಳು. ಪೆಟ್ರೋಲ್ ಸುರಿದಾಗೆಲ್ಲ ಕಾರು ಹೊರಡುತ್ತಿತ್ತು. ಇವತ್ತು ಸುರಿಯದೆಯೇ ಹೊರಟಿದೆ. ಎರಡು ಸಲಕ್ಕೂ ಸಮಾನವಾದದ್ದು ಯಾವುದು? ಮುಚ್ಚಳ ತೆಗೆದದ್ದು! ಆಗಲೇ ಕೊಳವೆ ಇಡಲು ತೆಗೆದಾಗ ಉಸ್ ಎಂದು ಗಾಳಿ ಒಳಗೆ ಹೋದದ್ದು ಅವಳ ಕಿವಿಗೆ ಬಿದ್ದಿತ್ತು. ಅಂಗಡಿಯಲ್ಲಿ ಯಂತ್ರದ ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಬರುವುದಿಲ್ಲ, ಎದುರು ಇನ್ನೊಂದು ತೂತು ಹೊಡೆಯಬೇಕು. ಇದು ಯಾರಿಗೆ ಗೊತ್ತಿಲ್ಲ?

“ಗಾಳಿ ಕಣೇ! ಇದಕ್ಕೆ ಉಸಿರು ಕಟ್ತಿದೆ! ಪೆಟ್ರೋಲ್ ಖಾಲಿಯಾದ ಹಾಗೆ ಒಳಗೆ ಗಾಳಿ ಹೋಗಬೇಕು, ಇಲ್ಲದಿದ್ರೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರಲ್ಲ!”

“ಗಾಳಿ ಹೋಗೋ ದಾರಿ ಯಾಕೆ ಮುಚ್ಚಿಕೊಂಡಿದೆ?”

ಅಕ್ಕ ಮುಚ್ಚಳ ತೆಗೆದು, ಅದರ ಒಳಮುಖವನ್ನು ಬೆಳಕಿಗೆ ಹಿಡಿದಳು. ಹಿಡಿದವಳ ಕಿವಿ ನಿಧಾನಕ್ಕೆ ಕೆಂಪಾಗತೊಡಗಿತು.

ಮುಚ್ಚಳದೊಳಗೆ ದುಂಡಗೆ ಕತ್ತರಿಸಿದ ರೇನ್‌ಕೋಟಿನ ಬಟ್ಟೆ. ಅಂಚಿಗೆ ಎಲಾಸ್ಟಿಕ್. ಎರಡೆರಡು ಸಾಲಿನ ಹೊಲಿಗೆ, ಒಂದು ಎಳೆಯೂ ಆಚೀಚೆ ಆಗಿರಲಿಲ್ಲ.

“ಇದು ನಿನ್ನ ಹೊಲಿಗೆ” ಎಂದಳು ಮಗಳು.

“ನನ್ನದೇ.”

ಒಂದೂವರೆ ತಿಂಗಳ ಹಿಂದೆ ಮದುಮಗಳೊಬ್ಬಳ ಉಡುಪಿಗೆ ಪೆಟ್ರೋಲ್ ವಾಸನೆ ಹತ್ತಿ, ಅವಳ ತಾಯಿ ಮೂಗು ಮುಚ್ಚಿಕೊಂಡು ಆಡಿದ ಮಾತು ಅಕ್ಕನಿಗೆ ಎರಡು ದಿನ ಊಟ ಸೇರದಂತೆ ಮಾಡಿತ್ತು. ತಿರುವುಗಳಲ್ಲಿ ಪೆಟ್ರೋಲ್ ತುಳುಕಿ ಮುಚ್ಚಳದ ಸಂದಿಯಿಂದ ಹೊರಬರುತ್ತಿದೆ ಎಂದು ತಿಳಿದು, ಗಾಳಿ ಕೂಡ ಆಡದಂಥ ಒಂದು ಟೊಪ್ಪಿ ಹೊಲಿದು, ಒಳಗೆ ಅಂಟು ಹಾಕಿ ಕೂರಿಸಿದ್ದಳು. ಚೆನ್ನಾಗಿ ಕೂತಿತ್ತು. ಅಷ್ಟು ಚೆನ್ನಾಗಿ ಕೂತಿತ್ತೆಂದರೆ, ಆ ವಿಷಯವೇ ಅವಳಿಗೆ ಮರೆತುಹೋಗಿತ್ತು. ಅಂಗಳದ ಅಷ್ಟೂ ಜನ ಬಾನೆಟ್ಟಿನೊಳಗೆ ತಲೆ ತೂರಿಸಿದ್ದರೇ ಹೊರತು, ಮುಚ್ಚಳ ತಿರುಗಿಸಿ ಅದರ ಒಳಮುಖ ನೋಡಿದವರು ಒಬ್ಬರೂ ಇರಲಿಲ್ಲ.

ಕತ್ತಿನ ಕತ್ತರಿಯಿಂದ ಅಕ್ಕ ಅಂಚನ್ನು ಸೀಳಿದಳು. ಬಟ್ಟೆ ಕಿತ್ತು ಬಂತು. ಅದರ ಹಿಂದೆ ಮುಚ್ಚಳದ ನಡುವೆ ಸಾಸಿವೆಯಷ್ಟು ತೂತು, ಅಂಟು ಮೆತ್ತಿಕೊಂಡಿತ್ತು. ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ಅದನ್ನು ಚುಚ್ಚಿ, ತಿರುಗಿಸಿ, ಬಾಯಿಂದ ಊದಿದಳು. ಗಾಳಿ ಆಚೆ ಮಗಳ ಅಂಗೈಗೆ ತಾಗಿತು.

“ಬಂತು! ಅಮ್ಮ, ಬಂತು!”

“ಬಂತಾ? ಕಾರು ಹತ್ತು ಬೇಗ, ಗಂಟೆ ನೋಡು!”

“ವಾಸನೆ ಬರುತ್ತಲ್ಲ ಮತ್ತೆ?”

“ಗಂಟಿಗೆ ಪ್ಲಾಸ್ಟಿಕ್ ಸುತ್ತಿದರಾಯ್ತು. ಮುಚ್ಚಬೇಕಾದದ್ದು ಗಂಟು. ಬುದ್ಧಿವಂತೆ ನಾನು, ಟ್ಯಾಂಕಿನ ಮೂಗು ಮುಚ್ಚಿದೆ!”

ಏರು ಹತ್ತಿತು ಕಾರು. ಎರಡನೇ ಗೇರಿನಲ್ಲಿ, ಏದುಸಿರು ಬಿಡುತ್ತ, ಆದರೆ ಬಿಕ್ಕದೆ. ಹನ್ನೆರಡೂವರೆಗೆ ನಾಟಕ ಮಂದಿರದ ಹಿಂಬಾಗಿಲಿನಲ್ಲಿ ನಿಂತರು. ಅಕ್ಕ ಕೋಟುಗಳನ್ನು ಲೆಕ್ಕ ಮಾಡಿ ಒಪ್ಪಿಸುತ್ತಿದ್ದರೂ ಕಣ್ಣೆಲ್ಲ ಹೊರಗಿನ ಕಾರಿನ ಮೇಲೆ. ರಾಜನ ಪಾತ್ರದವರು ನಿಲುವಂಗಿ ತೊಟ್ಟು ಎರಡು ಸುತ್ತು ತಿರುಗಿ, “ಅಕ್ಕ, ಭುಜ ಸರಿಯಾಗಿದೆಯಾ?” ಎಂದು ಕೇಳಿದರೆ, “ಗಾಳಿ ಆಡ್ತಿದೆಯಾ?” ಎಂದು ಕೇಳಿಬಿಟ್ಟಳು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೋಡಿದಳು.

ನಾಟಕ ನೋಡಿ ಎಂದು ಯಜಮಾನರು ಎಷ್ಟು ಒತ್ತಾಯಿಸಿದರೂ ಇಬ್ಬರೂ ನಿಲ್ಲಲಿಲ್ಲ. ನಿಲ್ಲಲು ಆಗುತ್ತಲೂ ಇರಲಿಲ್ಲ. ವಾಪಸ್ಸು ದಾರಿಯಲ್ಲಿ ಏನಾಗುತ್ತದೋ ನೋಡಬೇಕಲ್ಲ!

ಇಪ್ಪತ್ತೊಂಬತ್ತನೆಯ ನಿಮಿಷಕ್ಕೆ ಇಬ್ಬರೂ ಉಸಿರು ಬಿಗಿಹಿಡಿದರು. ಮೂವತ್ತು ಕಳೆಯಿತು. ಮೂವತ್ತೈದು ಕಳೆಯಿತು. ಮಗಳು ಈಗ ಸೀಟಿನ ತುದಿಗೆ ಜರುಗಿ ಕಿಲೋಮೀಟರ್ ಕಲ್ಲುಗಳನ್ನು ಜೋರಾಗಿ ಓದುತ್ತಿದ್ದಳು: “ಹದಿನೈದು! ಹದಿನಾಲ್ಕು! ಅಮ್ಮ, ಹದಿಮೂರು!” ಸೇತುವೆಯ ಮೇಲೆ ಎದುರು ಬಂದ ಲಾರಿಯವನಿಗೆ ಕೈ ಬೀಸಿಯೂ ಬೀಸಿದಳು. ಅವನು ಯಾರೋ ಪರಿಚಯದವರೆಂದು ಹಾರ್ನ್ ಹೊಡೆದು ಹೋದ.

ಊರಿನ ಮೊದಲ ಮನೆಗಳು ಕಂಡಾಗ ಅಕ್ಕನ ಉತ್ಸಾಹ ಸ್ವಲ್ಪ ಇಳಿಯಿತು. “ಎಷ್ಟಾದರೂ ಹೋಗುವಾಗ ನಿಂತಿದ್ದು ನಿಂತಿದ್ದೇ” ಎಂದಳು, ರಸ್ತೆಯ ಮೇಲಿನಿಂದ ಕಣ್ಣು ತೆಗೆಯದೆ. “ಸೋಮವಾರ ಎಷ್ಟು ಗಂಟೆಗೆ ಬರ್ತಾರಂತೆ ಅವರು?”

ಮಗಳು ಆಗಲೇ ಫೋನ್ ಕಿವಿಗೆ ಹಿಡಿದಿದ್ದಳು. “ಹಲೋ, ಗುಜರಿ ಅಂಗಡಿಯವರಾ? ಸೋಮವಾರ ಬರಬೇಡಿ. ಇಲ್ಲ, ಬೇರೆಯವರಿಗೆ ಕೊಟ್ಟಿಲ್ಲ. ಕೊಡೋದೇ ಇಲ್ಲ. ರೇಟು ಜಾಸ್ತಿ ಮಾಡಿದ್ರೂ ಇಲ್ಲ ಕಣ್ರೀ.”

“ಏಯ್, ನಾನು ಮಾತು ಕೊಟ್ಟಿದೀನಿ.”

“ಯಾರಿಗೆ ಕೊಟ್ಟೆ? ನನಗೆ ತಾನೇ? ನನಗೆ ಬೇಡ, ವಾಪಸ್ ತಗೋ.”

ಅಕ್ಕನ ಕಣ್ಣು ಮಂಜಾಯಿತು, ಗಾಜು ಮಂಜಾಗಿದೆ ಎಂದುಕೊಂಡು ಸೆರಗಿನಿಂದ ಗಾಜನ್ನೇ ಒರೆಸಿದಳು. ಅಷ್ಟರಲ್ಲಿ ಮನೆಯ ಬೀದಿಯ ತಿರುವು ಬಂದಿತ್ತು. ಇಂಡಿಕೇಟರ್ ಹಾಕಲು ಕೈ ಎತ್ತಿದಳು.

“ತಿರುಗಿಸಬೇಡ!” ಎಂದಳು ಮಗಳು. “ನೇರ ಹೋಗು ಅಮ್ಮ. ಕತ್ತಲಾಗೋಕೆ ಇನ್ನೂ ಬೇಕಾದಷ್ಟು ಹೊತ್ತಿದೆ. ಇನ್ನೊಂದು ಗಂಟೆ ಓಡುತ್ತಾ ನೋಡೋಣ!”