ಮುಂದಿನ ಸಾಲಿನ ಖಾಲಿ ಕುರ್ಚಿಗಳು

ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಎಲ್ಲೇ ಮದುವೆ, ವಾರ್ಷಿಕೋತ್ಸವ ನಡೆಯಲಿ, ನನ್ನ ಮೈಕ್‌ಸೆಟ್ ಕೂಗತೊಡಗಿದರೆ ಅರ್ಧ ಮೈಲಿ ದೂರದಲ್ಲಿದ್ದವರೂ "ಇದು ಅವನದ್ದೇ ಸೆಟ್" ಎಂದು ಗುರುತು ಹಿಡಿಯುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ. ಇಪ್ಪತ್ತೆಂಟು ವರ್ಷ ಈ ಕಸುಬು ಮಾಡಿದ್ದೇನೆ. ಎದೆಗೆ ಬಡಿಯದ ಶಬ್ದ ಶಬ್ದವೇ ಅಲ್ಲ ಎಂದು ಕಂಡಕಂಡವರ ಹತ್ತಿರ ವಾದಿಸಿದ್ದೇನೆ. ಅಂಥವನ ಮನೆಯಲ್ಲಿ ಪಿಸುಗುಟ್ಟುವ ಹಾಡುಗಾರ್ತಿ ಹುಟ್ಟಿದಳು.

ಮಗಳು ಗಿಟಾರ್ ಕಲಿತಳು. ತುಳುವಿನಲ್ಲಿ ತಾನೇ ಹಾಡು ಕಟ್ಟಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೆಟ್ಟಿಗೆ ಹಾಕತೊಡಗಿದಳು. ಇಂಡೀ ಫೋಕ್ ಎಂದು ಅದಕ್ಕೆ ಹೆಸರಂತೆ. ಡ್ರಮ್ ಇಲ್ಲ, ಕೀಬೋರ್ಡ್ ಇಲ್ಲ, ಕೊನೆಗೆ ಚಪ್ಪಾಳೆ ಗಿಟ್ಟಿಸುವ ಏರುದನಿಯೂ ಇಲ್ಲ.

"ಇದೆಂತ ಮಗಾ, ಜ್ವರ ಬಂದವರ ಹಾಗೆ ಹಾಡ್ತೀಯಲ್ಲ?" ಎಂದು ಕೇಳಿದೆ.

"ಅಜ್ಜಿ ಹೀಗೇ ಅಲ್ವಾ ಹಾಡ್ತಾ ಇದ್ದದ್ದು?" ಎಂದಳು.

ಅದು ನಿಜ. ನನ್ನ ಅಮ್ಮ ಜೀವಮಾನವಿಡೀ ಬೀಡಿ ಕಟ್ಟಿದವಳು. ಜಗಲಿಯಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರೆ ಬೆರಳು ಓಡುತ್ತಿತ್ತು, ಜೊತೆಗೆ ಹಾಡೂ ಸಾಗುತ್ತಿತ್ತು. ಬಾಯಿ ಬಿಟ್ಟರೆ ಹೊಗೆಸೊಪ್ಪಿನ ಪುಡಿ ಗಂಟಲಿಗೆ ಹೋಗುತ್ತದೆಂದು ತುಟಿ ಬಿಚ್ಚದೆ ಮೂಗಿನಲ್ಲೇ ಗುನುಗುತ್ತಿದ್ದಳು. ಅಂಗಳದಲ್ಲಿ ನಿಂತವರಿಗೆ ಏನೂ ಕೇಳಿಸುತ್ತಿರಲಿಲ್ಲ. ಮಗಳು ಬೆಳೆದದ್ದು ಅವಳ ಮಗ್ಗುಲಲ್ಲಿ. ನಾನು ಆಗೆಲ್ಲ ಊರೂರಿಗೆ ಸ್ಪೀಕರ್ ಬಾಕ್ಸ್ ಹೊರುತ್ತಿದ್ದೆ.

ಅವಳು ಮೊದಲ ಸಲ ಸ್ಟೇಜ್ ಹತ್ತಿದ್ದು ತೋಡಾರಿನಲ್ಲಿ, ನೆಂಟರ ಮದುವೆಯಲ್ಲಿ. ಸೆಟ್ ನನ್ನದೇ. ಮಗಳೆಂಬ ಮಮಕಾರದಿಂದ ಎಕೋ ತುಂಬ ಹಾಕಿದೆ, ಬೇಸ್ ಏರಿಸಿದೆ. ನಮ್ಮ ಕಸುಬಿನವರಿಗೆ ಎಕೋ ಇಲ್ಲದ ದನಿ ಎಂದರೆ ಒಗ್ಗರಣೆ ಹಾಕದ ಸಾರು. ಅವಳು ಒಂದು ಸಾಲು ಹಾಡಿದರೆ ಸಭಾಂಗಣದ ಗೋಡೆಗಳು ಅದನ್ನೇ ನಾಲ್ಕು ಸಲ ಹಾಡಿದವು. ಊಟಕ್ಕೆ ಕಾಯುತ್ತಿದ್ದವರು ಅದನ್ನೂ ಮೀರಿಸಿ ಮಾತಾಡತೊಡಗಿದರು. ಅವಳು ಅರ್ಧದಲ್ಲೇ ನಿಲ್ಲಿಸಿ, ಕೈಮುಗಿದು ಕೆಳಗಿಳಿದಳು. ಹಾಡು ನಿಂತದ್ದು ಒಬ್ಬರಿಗೂ ಗೊತ್ತಾಗಲಿಲ್ಲ.

ವಾಪಸು ಬರುವಾಗ ಪಿಕಪ್ ಗಾಡಿಯಲ್ಲಿ ಹೇಳಿದಳು: "ಕೊಕ್ಕಡದಲ್ಲಿ ಒಂದು ಕಾರ್ಯಕ್ರಮ ಒಪ್ಪಿಕೊಂಡಿದ್ದೇನೆ ಅಪ್ಪ. ಅಲ್ಲಿಯೂ ಹೀಗೇ ಆದ್ರೆ ಮತ್ತೆ ನಾನು ಸ್ಟೇಜ್ ಹತ್ತುದಿಲ್ಲ."

"ಜನ ಮಾತಾಡಿದ್ರೆ ನಾನು ಎಂತ ಮಾಡ್ಲಿ?"

"ನೀವು ಜೋರು ಮಾಡಿದ್ರಿ. ಅದಕ್ಕೆ ಅವರೂ ಜೋರು ಮಾಡಿದ್ರು."

ನನಗೆ ಸಿಟ್ಟು ನೆತ್ತಿಗೇರಿತು. ನಿನ್ನೆ ಮೊನ್ನೆ ಹುಟ್ಟಿದವಳು ನನಗೇ ಮೈಕ್ ಕಲಿಸಲು ಬಂದಳಲ್ಲ ಎಂದು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ನೋಡಿದರೆ ಗಿಟಾರ್ ಚೀಲದೊಳಗೆ ಸೇರಿ ಕಪಾಟಿನ ಮೇಲೆ ಕೂತಿತ್ತು. ಅಮ್ಮ ತೀರಿಕೊಂಡ ಮೇಲೆ ಅವಳ ಗೆರಸೆಯನ್ನು ಇಟ್ಟದ್ದೂ ಅಲ್ಲೇ. ಈ ಹುಡುಗಿಯ ಹಾಡನ್ನು ನಾನೇ ಕೊಲ್ಲುತ್ತಿದ್ದೇನೆ ಎಂದು ಹೆದರಿಕೆಯಾಯಿತು.

ಕೊಕ್ಕಡದ ಕಾರ್ಯಕ್ರಮ ಯುವಕ ಮಂಡಲದ್ದು, ಭಾನುವಾರ ಸಂಜೆ ನಾಲ್ಕಕ್ಕೆ, ಶಾಲೆಯ ಮೈದಾನದಲ್ಲಿ. ಎರಡೇ ಸಣ್ಣ ಬಾಕ್ಸ್ ತೆಗೆದುಕೊಂಡು ಹೋದೆ. ಜನರೇಟರಿನ ಗುರ್ ಶಬ್ದ ಕೇಳಬಾರದೆಂದು ಅದನ್ನು ಶಾಲೆಯ ಹಿಂದೆ ಇಟ್ಟು ಉದ್ದಕ್ಕೆ ಕೇಬಲ್ ಎಳೆದೆ. ಎಕೋ ಪೂರ್ತಿ ತೆಗೆದೆ.

"ಎಂತ ಮಾರಾಯ್ರೆ, ದೊಡ್ಡ ಬಾಕ್ಸ್ ಎಲ್ಲಿ?" ಎಂದು ಮಂಡಲದ ಕಾರ್ಯದರ್ಶಿ ಹೌಹಾರಿದ.

"ಇವತ್ತಿಗೆ ಇಷ್ಟೇ" ಎಂದೆ. ಹಾಗೆ ಹೇಳುವಾಗ ನನಗೇ ನಾಚಿಕೆಯಾಯಿತು.

ನಮ್ಮ ಕಡೆ ಸಭೆಗೆ ಬಂದವರು ಹಿಂದಿನಿಂದ ಕೂರುತ್ತಾ ಬರುತ್ತಾರೆ. ಮುಂದಿನ ಐದಾರು ಸಾಲು ಯಾವಾಗಲೂ ಖಾಲಿ. ಅದು ನಮ್ಮವರ ಸಂಕೋಚ ಎಂದೇ ನಾನು ತಿಳಿದಿದ್ದೆ. ಅಂದೂ ಹಾಗೆಯೇ ಕೂತಿದ್ದರು. ಮಗಳು ಹಾಡು ಶುರು ಮಾಡಿದಳು. ಎರಡು ಸಾಲು ಮುಗಿಯುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು: "ಕೇಳುದಿಲ್ಲಾ! ಸ್ವಲ್ಪ ಜೋರು ಇಡಿ!"

ನನ್ನ ಕೈ ತಾನಾಗಿಯೇ ಶಬ್ದ ಏರಿಸಲು ಮಿಕ್ಸರಿನ ಗುಂಡಿಗೆ ಹೋಯಿತು. ಮಗಳು ಹಾಡುತ್ತಲೇ ನನ್ನ ಕಡೆ ನೋಡಿದಳು. ಕೈಯನ್ನು ಎಳೆದು ತೊಡೆಯ ಕೆಳಗೆ ಒತ್ತಿ ಕೂತೆ.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಹೊರಟೇಬಿಟ್ಟಳು ಎಂದುಕೊಂಡೆ. ಅವಳು ಮುಂದೆ ಬಂದು, ಖಾಲಿಯಿದ್ದ ಎರಡನೆಯ ಸಾಲಿನಲ್ಲಿ ಕೂತಳು. ಹಿಂದೆಯೇ ಇನ್ನಿಬ್ಬರು ಬಂದರು. ಆಮೇಲೆ ಸಾಲುಸಾಲಾಗಿ ಎದ್ದು ಬಂದರು. ಜಾಗ ಸಿಗದವರು ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎತ್ತಿಕೊಂಡು ಸ್ಟೇಜಿನ ಬುಡದವರೆಗೆ ಬಂದರು. ಇಷ್ಟು ವರ್ಷ ಇವರನ್ನು ಹಿಂದೆ ಕೂರಿಸಿದ್ದು ಸಂಕೋಚವಲ್ಲ, ನನ್ನ ಬಾಕ್ಸ್‌ಗಳು ಎಂದು ಆಗ ಗೊತ್ತಾಯಿತು. ಈಗ ಯಾರೂ ಮಾತಾಡುತ್ತಿರಲಿಲ್ಲ.

ಆದರೆ ನನಗೇ ಹಾಡು ಸರಿಯಾಗಿ ಕೇಳಿಸಲಿಲ್ಲ. ಬಾಕ್ಸಿನ ಪಕ್ಕ ನಿಂತು ನಿಂತು ನನ್ನ ಕಿವಿ ಮಂದವಾಗಿದೆ, ಇದನ್ನು ಯಾರಿಗೂ ಹೇಳಿರಲಿಲ್ಲ. ಕಾರ್ಯಕ್ರಮದ ನಡುವೆ ಮಿಕ್ಸರ್ ಬಿಟ್ಟು ಎದ್ದದ್ದು ಅದೇ ಮೊದಲು. ಕುರ್ಚಿ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಹೋಗಿ ಕೂತೆ. ಹಾಡಿನ ಕೊನೆಗೆ ಮಗಳು ತುಟಿ ಮುಚ್ಚಿ ಗುನುಗಿದಳು. ಅದು ಅಮ್ಮನ ಗುನುಗು, ಅದೇ ಏರಿಳಿತ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ.

ಕಾರ್ಯಕ್ರಮ ಮುಗಿದ ಮೇಲೆ, ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಕಡೆ ಬಾಗಿದರು.

"ಇವತ್ತು ಮೈಕ್ ಯಾರದ್ದು ಮಾರಾಯ್ರೆ? ಮೈಕ್ ಉಂಟು ಅಂತಲೇ ಗೊತ್ತಾಗ್ಲಿಲ್ಲ."

ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ಜಗಳವೇ ಆಗುತ್ತಿತ್ತು. ನಾನು ಎದೆ ಸೆಟೆಸಿ ಎದ್ದು ನಿಂತೆ.

"ನನ್ನದೇ" ಎಂದೆ. "ಹಾಡಿದ್ದೂ ನನ್ನ ಮಗಳೇ."